ಕೊಡೋಕೆ ನೂರು ಕಚೇರಿ, ಕಿತ್ತುಕೊಳ್ಳೋಕೆ ಒಂದೇ ಕಚೇರಿ



ಈ ಸಲದ ಸಂಪಾದಕೀಯ ಕಾಗದಪತ್ರದ ವಿಚಾರ. ಭೂಮಿ, ದೌರ್ಜನ್ಯ, ಮೀಸಲಾತಿ ಎಲ್ಲ ಬಿಟ್ಟು ಇದೇನು ಗುಮಾಸ್ತರ ವಿಷಯ ಹಿಡಿದುಕೊಂಡರು ಅಂತ ನಿಮಗೆ ಅನ್ನಿಸಬಹುದು. ಆದರೆ ಇವತ್ತು ಹಾಸ್ಟೆಲಿನ ಸೀಟು, ವಿದ್ಯಾರ್ಥಿವೇತನ, ಮನೆಯ ಅಕ್ಕಿ, ತಾಯಿಯ ಖಾತೆಗೆ ಬರುವ ಎರಡು ಸಾವಿರ ರೂಪಾಯಿ, ಇವೆಲ್ಲ ಒಂದು ಇಲಾಖೆ ಇನ್ನೊಂದು ಇಲಾಖೆಗೆ ನಮ್ಮ ಬಗ್ಗೆ ಏನು ಹೇಳ್ತದೆ ಅನ್ನೋದರ ಮೇಲೆ ನಿಂತಿವೆ. ನಮಗೆ ಗೊತ್ತಿಲ್ಲದ ಹಾಗೆ ನಮ್ಮ ವಿವರ ಕಚೇರಿಯಿಂದ ಕಚೇರಿಗೆ ಓಡಾಡ್ತಾ ಇದೆ. ಅದು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು, ಹೋದಲ್ಲಿ ಎಂತ ಮಾಡಬಹುದು ಅನ್ನೋ ಕಟ್ಟಳೆಯನ್ನು ಯಾರು ಬರೀತಾರೆ? ನಾವಂತೂ ಅಲ್ಲ. ನಮ್ಮನ್ನು ಕೇಳಿಯೂ ಅಲ್ಲ.

ಮೊದಲು ಹಾಸ್ಟೆಲಿನ ಮಾತಿಗೇ ಬರೋಣ. 2018-19ರಿಂದ ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಅನ್ನೋ ಒಂದೇ ವ್ಯವಸ್ಥೆ ಬಂತು. ಮುಂಚೆ ಒಂದೊಂದು ಇಲಾಖೆಗೂ ಒಂದೊಂದು ಅರ್ಜಿ, ಒಂದೊಂದು ಕಟ್ಟು ಜೆರಾಕ್ಸ್. ಈಗ ಹುಡುಗ ತನ್ನ ಆಧಾರ್ ಸಂಖ್ಯೆ ಹಾಕ್ತಾನೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ನಂಬರು ಹಾಕ್ತಾನೆ. ಆ ನಂಬರಿನ ಬೆನ್ನು ಹತ್ತಿ ಯಂತ್ರ ಕಂದಾಯ ಇಲಾಖೆಯ ನಾಡಕಚೇರಿಯ ದಾಖಲೆಗೆ ಹೋಗ್ತದೆ. ಶಾಲೆಯ ಹುಡುಗನಾದರೆ ಶಿಕ್ಷಣ ಇಲಾಖೆಯ ಸ್ಯಾಟ್ಸ್ ನಂಬರಿನ ದಾಖಲೆ ನೋಡ್ತದೆ. ಕೊನೆಗೆ ದುಡ್ಡು ಬೀಳೋದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ, ಅದಕ್ಕೆ ಎನ್‌ಪಿಸಿಐ ಅನ್ನೋ ಇನ್ನೊಂದು ಸಂಸ್ಥೆಯ ಪಟ್ಟಿ ಬೇಕು. ಲೆಕ್ಕ ಹಾಕಿ ನೋಡಿ. ಕಂದಾಯ, ಶಿಕ್ಷಣ, ಸಮಾಜ ಕಲ್ಯಾಣ, ಆಧಾರ್ ಪ್ರಾಧಿಕಾರ, ಬ್ಯಾಂಕು. ಐದು ಕಡೆ ನಮ್ಮ ಹೆಸರು ಒಂದೇ ಥರ ಇದ್ದರೆ ದುಡ್ಡು. ಇಲ್ಲವಾದರೆ ಹೊಂದಾಣಿಕೆ ಆಗ್ತಿಲ್ಲ ಅನ್ನೋ ಒಂದು ಸಾಲು.

ಹೆಸರು ಒಂದೇ ಥರ ಇರಬೇಕು ಅನ್ನೋದು ಕೇಳೋಕೆ ಸಣ್ಣ ಮಾತು. ಯಾರಿಗೆ ಸಣ್ಣದು? ತಾತ ಮುತ್ತಾತನ ಕಾಲದಿಂದ ಜಮೀನು, ಮನೆ, ಶಾಲೆ ಎಲ್ಲದರಲ್ಲೂ ಹೆಸರು ಸರಿಯಾಗಿ ಬರೆಸಿಕೊಂಡು ಬಂದವರಿಗೆ ಸಣ್ಣದು. ನಮ್ಮ ಹಿರಿಯರ ಹೆಸರನ್ನು ಬರೆದವರು ಯಾರು? ಶಾನುಭೋಗರು, ಮೇಷ್ಟ್ರು, ದಣಿಗಳ ಮನೆ ಲೆಕ್ಕದವರು. ಮಾಸ್ತಿ ಅನ್ನೋನು ಪಟ್ಟಿಯಲ್ಲಿ ಮಾಸ್ತ್ಯಾ ಆದ, ಸುಕ್ರ ಅನ್ನೋನು ಸುಕ್ರ್ಯಾ ಆದ. ಮೇಲ್ಜಾತಿಯವನ ಹೆಸರಿನ ಹಿಂದೆ ಮುಂದೆ ಉಪಾಧಿಗಳು ಬೆಳೆದವು, ನಮ್ಮವರ ಹೆಸರಿನ ಬಾಲ ಮೊಟಕಾಯಿತು. ಹುಟ್ಟಿದ ದಿನ ಕೇಳಿದರೆ ಆ ವರ್ಷ ಹೊಳೆ ಬಂದಿತ್ತು ಅನ್ನೋರ ಮಕ್ಕಳಿಗೆಲ್ಲ ಶಾಲೆಯಲ್ಲಿ ಜೂನ್ 1 ಅಂತ ಬರೆದರು. ಈಗ ಮೊಮ್ಮಗ ಮಾಸ್ತಿಯ ಮಗ ಅಂತ ಆಧಾರಿನಲ್ಲಿ ಮರ್ಯಾದೆಯ ಹೆಸರು ಹಾಕಿಸಿಕೊಂಡಿದ್ದಾನೆ, ಜಾತಿ ಪ್ರಮಾಣಪತ್ರದಲ್ಲಿ ಹಳೇ ಮಾಸ್ತ್ಯಾನೇ ಇದ್ದಾನೆ. ಯಂತ್ರ ಎರಡೂ ನೋಡಿ ಇವರು ಬೇರೆ ಬೇರೆ ಜನ ಅಂತ ತೀರ್ಮಾನ ಮಾಡ್ತದೆ. ಅವಮಾನ ಮಾಡಿದವನ ಕೈಬರಹವೇ ಪ್ರಮಾಣ, ಅದನ್ನು ತಿದ್ದಿಕೊಂಡವನೇ ಸಂಶಯದ ಮನುಷ್ಯ. ಇದು ಯಂತ್ರದ ತಪ್ಪಲ್ಲ ಅಂತ ಅಧಿಕಾರಿಗಳು ಹೇಳ್ತಾರೆ. ಯಂತ್ರದ್ದಲ್ಲ, ನಿಜ. ಹಳೇ ಬರಹಕ್ಕೆ ಹೊಸ ಬಾಯಿ ಕೊಟ್ಟವರದ್ದು.

ಸರಿ, ತಿದ್ದಿಸೋಣ ಅಂತ ಹೊರಟರೆ ಏನಾಗ್ತದೆ ಅಂತ ನಿಮಗೇ ಗೊತ್ತು. ಒಂದು ಕಚೇರಿಯಲ್ಲಿ, "ತಮಾ, ಅದು ನಮ್ಮ ಕಡೆಯದಲ್ಲ, ಕಾಲೇಜಲ್ಲಿ ಕೇಳು." ಕಾಲೇಜಿನಲ್ಲಿ, ಇಲಾಖೆಯಲ್ಲಿ ಕೇಳು. ಇಲಾಖೆಯಲ್ಲಿ, ಬ್ಯಾಂಕಿನಲ್ಲಿ ಕೇಳು. ಬ್ಯಾಂಕಿನಲ್ಲಿ, ಮೇಲಿನಿಂದ ಬರಬೇಕು. ಮಂಕಿ ಹೋಬಳಿಯ ಹುಡುಗ ಹೊನ್ನಾವರಕ್ಕೆ ಒಂದು ದಿನ, ಕುಮಟೆಗೆ ಒಂದು ದಿನ, ಕೊನೆಗೆ ಕಾರವಾರಕ್ಕೆ ಒಂದು ದಿನ. ಅಪ್ಪನ ಒಂದು ದಿನದ ಕೂಲಿ ಬಸ್ಸಿಗೆ. ಕಡತಗಳು ಒಂದು ಕ್ಷಣದಲ್ಲಿ ಜಿಲ್ಲೆ ದಾಟಿ ಹೋಗ್ತವೆ, ಆ ಕಡತದ ತಪ್ಪು ತಿದ್ದೋಕೆ ಮಾತ್ರ ಮನುಷ್ಯನೇ ಹೋಗಬೇಕು! ಇಂಥ ವಿಚಿತ್ರವನ್ನು ಆಡಳಿತ ಸುಧಾರಣೆ ಅಂತ ಕರೀತಾರೆ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿದ್ದ ಕಾಲಕ್ಕೆ. ಅದು ಭಿಕ್ಷೆಯಾಗಿ ಬಂದದ್ದಲ್ಲ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಅದರ ಖರ್ಚನ್ನು ಕೇಂದ್ರ 60, ರಾಜ್ಯ 40 ಅಂತ ಹಂಚಿತು, ಕೇಂದ್ರದ ಪಾಲನ್ನು ನೇರ ವಿದ್ಯಾರ್ಥಿಯ ಖಾತೆಗೆ ಹಾಕ್ತೇವೆ ಅಂದಿತು. ನೇರ ಅಂದರೆ ಮಧ್ಯೆ ದಲ್ಲಾಳಿ ಇಲ್ಲ, ಒಳ್ಳೇದು. ಆದರೆ ದಲ್ಲಾಳಿ ಇದ್ದ ಜಾಗದಲ್ಲಿ ಈಗ ಐದು ಪಟ್ಟಿಗಳು ಕೂತಿವೆ. ದಲ್ಲಾಳಿಯ ಕೊರಳಪಟ್ಟಿಯನ್ನಾದರೂ ಹಿಡಿಯಬಹುದಿತ್ತು.

ಇಲ್ಲೊಂದು ಮಾತು ಸ್ಪಷ್ಟ ಮಾಡಬೇಕು. ಇಲಾಖೆಗಳು ಮಾಹಿತಿ ಹಂಚಿಕೊಳ್ಳಬಾರದು ಅಂತ ನಾವು ಹೇಳ್ತಾ ಇಲ್ಲ. ನಮ್ಮಲ್ಲೇ ಕೆಲವು ಗೆಳೆಯರು ಸರ್ಕಾರಕ್ಕೆ ಯಾವ ವಿವರವನ್ನೂ ಕೊಡಬಾರದು, ಎಲ್ಲ ಗೂಢಚಾರಿಕೆ ಅಂತ ವಾದಿಸ್ತಾರೆ. ಹೊಟ್ಟೆ ತುಂಬಿದವರ ಸ್ವಾತಂತ್ರ್ಯದ ಕಲ್ಪನೆ ಅದು. ಎಣಿಸಿಕೊಳ್ಳದೆ ಹೋದರೆ ನಮಗೆ ಪಾಲಿಲ್ಲ. 1932ರ ಹೊತ್ತಿಗೆ ಮತದಾನದ ಹಕ್ಕು, ಸೀಟಿನ ಲೆಕ್ಕ ಬಂದಾಗ ತಮ್ಮ ಪ್ರಾಂತ್ಯದಲ್ಲಿ ಅಸ್ಪೃಶ್ಯರು ಅಷ್ಟಿಲ್ಲ, ಇಲ್ಲವೇ ಇಲ್ಲ ಅಂತ ಮೇಲ್ಜಾತಿಯ ಪ್ರತಿನಿಧಿಗಳು ಸಾಕ್ಷಿ ಹೇಳಿದ್ದನ್ನು ಅಂಬೇಡ್ಕರರು ವಿವರವಾಗಿ ಬರೆದಿಟ್ಟಿದ್ದಾರೆ. ಊರ ಹೊರಗೆ ಇಡುವಾಗ ಕಂಡ ಜನ, ಸೀಟು ಕೊಡುವಾಗ ಕಾಣದೆ ಹೋದರು. ಹಾಗಾಗಿ ನಮ್ಮ ಪ್ರಶ್ನೆ ವಿವರ ಕೊಡಬೇಕೋ ಬೇಡವೋ ಅನ್ನೋದಲ್ಲ. ಯಾವುದಕ್ಕೆ ಕೊಟ್ಟದ್ದು ಯಾವುದಕ್ಕೆ ಬಳಕೆ ಆಗ್ತಿದೆ ಅನ್ನೋದು.

ಒಂದೇ ಉದಾಹರಣೆ ಸಾಕು. ಜಾತಿಯ ಕಾಲಂ. ಹಾಸ್ಟೆಲಿನ ರಿಜಿಸ್ಟರಿನಲ್ಲಿ ಜಾತಿ ಬರೆದರೆ ಊಟ ಸಿಗ್ತದೆ. ಅದೇ ಜಾತಿಯನ್ನು ಜೈಲಿನ ರಿಜಿಸ್ಟರಿನಲ್ಲಿ ಬರೆದರೆ ಪೊರಕೆ ಸಿಗ್ತಿತ್ತು. ಕಸ ಗುಡಿಸೋಕೆ, ಕಕ್ಕಸು ತೊಳೆಯೋಕೆ ಕೆಳಜಾತಿಯ ಕೈದಿ, ಅಡುಗೆಗೆ ಮೇಲ್ಜಾತಿಯ ಕೈದಿ, ಹೀಗೆ ಕೆಲವು ರಾಜ್ಯಗಳ ಜೈಲು ಕೈಪಿಡಿಗಳೇ ಹೇಳ್ತಿದ್ದವು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಅದನ್ನು ಸಂವಿಧಾನಕ್ಕೆ ವಿರುದ್ಧ ಅಂತ ಹೊಡೆದುಹಾಕಿ, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ಅಳಿಸಿ ಅಂತ ಆಜ್ಞೆ ಮಾಡಿತು. ಅಕ್ಷರ ಅದೇ, ಜಾತಿ ಅದೇ, ಪುಸ್ತಕ ಬದಲಾದರೆ ಅರ್ಥ ಬದಲಾಗ್ತದೆ. ಹಾಸ್ಟೆಲಿನ ಪುಸ್ತಕದಿಂದ ನಮ್ಮ ಜಾತಿ ಪೊಲೀಸ್ ಠಾಣೆಯ ಪುಸ್ತಕಕ್ಕೆ ಹೋಗಬಾರದು, ನಾಳೆ ಕೆಲಸ ಕೊಡುವವನ ಪುಸ್ತಕಕ್ಕೂ ಹೋಗಬಾರದು. ನಾವು ಬೇಕು ಅನ್ನೋ ಕಟ್ಟಳೆಯ ಬುಡ ಇದು.

ಈಗ ಕಿತ್ತುಕೊಳ್ಳುವ ಕಡೆಗೆ ಬನ್ನಿ. ಕೊಡುವಾಗ ಐದು ಕಚೇರಿ ಐದು ದಿಕ್ಕಿಗೆ ಮುಖ ಮಾಡಿದ್ದವಲ್ಲ, ಕಿತ್ತುಕೊಳ್ಳುವಾಗ ಅವೆಲ್ಲ ಎಷ್ಟು ಚೆಂದ ಒಂದಾಗ್ತವೆ ನೋಡಿ. ರಾಜ್ಯ ಸರ್ಕಾರದ ಬಳಿ 'ಕುಟುಂಬ' ಅನ್ನೋ ದತ್ತಾಂಶದ ಕಣಜ ಇದೆ. ಅದರ ಬುಡ ರೇಷನ್ ಕಾರ್ಡು. ಅದರ ಮೇಲೆ ಬೇರೆ ಬೇರೆ ಇಲಾಖೆಯ ವಿವರ ಪೇರಿಸ್ತಾರೆ. ಯಾರಿಗೆ ಯಾವ ಯೋಜನೆ ಸಿಗಬೇಕೋ ಅವರನ್ನು ಸರ್ಕಾರವೇ ಹುಡುಕಿಕೊಂಡು ಹೋಗೋಕೆ ಇದು ಅಂತ ಹೇಳಿದ್ದರು. ಆದರೆ 2024ರ ನವೆಂಬರಿನಲ್ಲಿ ನಮ್ಮ ಜನಕ್ಕೆ ಕಂಡದ್ದು ಬೇರೆ. ತೆರಿಗೆ ಇಲಾಖೆ ಮತ್ತಿತರ ದಾಖಲೆಗಳ ಜೊತೆ ತಾಳೆ ಹಾಕಿ ಬಿಪಿಎಲ್ ಕಾರ್ಡುಗಳನ್ನು ರದ್ದು ಮಾಡಿದರು, ಎಪಿಎಲ್‌ಗೆ ದಬ್ಬಿದರು. ಸೊಸೈಟಿಯ ಎದುರು ಚೀಲ ಹಿಡಿದು ನಿಂತಾಗಲೇ ಎಷ್ಟೋ ಜನಕ್ಕೆ ತಮ್ಮ ಕಾರ್ಡು ಹೋದದ್ದು ಗೊತ್ತಾದದ್ದು. ಗಲಾಟೆ ಎದ್ದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಬೇಕಾಯಿತು. ಗೃಹಲಕ್ಷ್ಮಿಯಲ್ಲೂ ಇದೇ ಕತೆ. ಜಿಎಸ್‌ಟಿ ಅಂದರೆ ಏನು ಅಂತ ಗೊತ್ತಿಲ್ಲದ ಹೆಂಗಸರಿಗೆ ನೀವು ಇಲ್ಲವೇ ನಿಮ್ಮ ಗಂಡ ತೆರಿಗೆ ಕಟ್ಟುವವರು ಅಂತ ಉತ್ತರ ಬಂತು. ನಾನು ತೆರಿಗೆ ಕಟ್ಟೋಳಲ್ಲ ಅಂತ ಸಾಬೀತು ಮಾಡೋ ಭಾರ ಆ ಹೆಂಗಸಿನ ತಲೆ ಮೇಲೆ. ಇಲ್ಲದ ದುಡ್ಡು ಇಲ್ಲ ಅಂತ ಯಾವ ಕಾಗದದಿಂದ ತೋರಿಸೋದು?

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಆಸ್ಟ್ರೇಲಿಯದಲ್ಲಿ 2015ರಿಂದ 2019ರ ತನಕ ನಡೆದದ್ದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಅಲ್ಲಿ ತೆರಿಗೆ ಇಲಾಖೆಯಲ್ಲಿದ್ದ ಒಬ್ಬನ ವರ್ಷದ ಆದಾಯವನ್ನು 26 ಪಾಲು ಮಾಡಿ, ಪ್ರತಿ ಹದಿನೈದು ದಿನಕ್ಕೂ ಇವನು ಇಷ್ಟು ಸಂಪಾದಿಸಿದ ಅಂತ ಊಹಿಸಿ, ಅವನು ಕೆಲಸ ಇಲ್ಲದ ದಿನಗಳಲ್ಲಿ ಪಡೆದ ಸಹಾಯಧನದ ಜೊತೆ ತಾಳೆ ಹಾಕಿದರು. ನೀನು ಸುಳ್ಳು ಹೇಳಿ ಹೆಚ್ಚು ತಗೊಂಡಿದ್ದೀಯ, ವಾಪಸ್ ಕಟ್ಟು ಅಂತ ಬಡವರಿಗೆ ಯಂತ್ರವೇ ನೋಟೀಸು ಕಳಿಸಿತು. ಆಮೇಲೆ ಅದು ಕಾನೂನಿಗೇ ವಿರುದ್ಧ ಅಂತ ಆಯಿತು, ಸುಮಾರು 4 ಲಕ್ಷ 70 ಸಾವಿರ ಇಂಥ ಸಾಲಗಳ ದುಡ್ಡು ವಾಪಸ್ ಕೊಡ್ತೇವೆ ಅಂತ 2020ರಲ್ಲಿ ಸರ್ಕಾರ ಒಪ್ಪಿತು. 2023ರಲ್ಲಿ ಅದರ ಮೇಲೆ ವಿಚಾರಣಾ ಆಯೋಗದ ವರದಿಯೂ ಬಂತು. ಈ ಲೆಕ್ಕವನ್ನು ನಮ್ಮ ಕರಾವಳಿಗೆ ತಂದು ನೋಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಸಮುದ್ರ ಬಂದ್. ಆ ಎರಡು ತಿಂಗಳು ಬಂದರಿನಲ್ಲಿ ಬುಟ್ಟಿ ಹೊರುವವನಿಗೆ ಕೆಲಸ ಇಲ್ಲ. ಮಳೆ ಹಿಡಿದರೆ ಕಲ್ಲು ಕಡಿಯುವವನಿಗೆ ಇಲ್ಲ. ಗದ್ದೆ ಕೆಲಸ ನಾಟಿಗೆ ಒಂದಿಷ್ಟು ದಿನ, ಕೊಯ್ಲಿಗೆ ಒಂದಿಷ್ಟು ದಿನ. ಇಂಥವನ ವರ್ಷದ ದುಡಿಮೆಯನ್ನು ಹನ್ನೆರಡು ಪಾಲು ಮಾಡಿ ಇವನಿಗೆ ತಿಂಗಳ ಸಂಬಳ ಇದೆ ಅಂದರೆ ಏನು ಹೇಳೋದು! ಎರಡು ಇಲಾಖೆಯ ಸತ್ಯ ಕೂಡಿ ಒಂದು ಸುಳ್ಳು ಹುಟ್ಟೋದು ಹೀಗೆ.

ಒಂದು ಪಟ್ಟಿಯ ಮಾತು ಇನ್ನೊಂದು ಕಡೆಗೆ ಹೋದಾಗ ಅರ್ಥ ಕೆಡುವುದಕ್ಕೆ ನಮ್ಮ ಭಟ್ಕಳ, ಹೊನ್ನಾವರಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 'ಮೊಗೇರ' ಅನ್ನೋ ಹೆಸರು ಮೊದಲು ದಕ್ಷಿಣ ಕನ್ನಡದ ಗಡಿಯೊಳಗೆ ಇತ್ತು. 1956ರ ತನಕ ಬೊಂಬಾಯಿ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆಯ ಪಟ್ಟಿಯೇ ಬೇರೆ. 1976ರ ತಿದ್ದುಪಡಿ ಕಾಯ್ದೆ ಇಂಥ ಪ್ರದೇಶದ ಗಡಿಗಳನ್ನು ತೆಗೆದು ಪಟ್ಟಿಯನ್ನು ಇಡೀ ರಾಜ್ಯಕ್ಕೆ ಹರಡಿತು. ನಮ್ಮ ಕಡೆ ಮೀನು ಹಿಡಿಯುವ ಮೊಗೇರರು ಅದೇ ಹೆಸರಿನಡಿ ಪ್ರಮಾಣಪತ್ರ ಪಡೆದರು. ಪಟ್ಟಿಯಲ್ಲಿರುವುದು ಅಸ್ಪೃಶ್ಯತೆ ಉಂಡ ಬೇರೆ ಜನ, ಹೆಸರು ಮಾತ್ರ ಒಂದೇ ಅಂತ ದಲಿತ ಸಂಘಟನೆಗಳು ತಕರಾರು ಎತ್ತಿದವು. ಆಮೇಲೆ ಪ್ರಮಾಣಪತ್ರ ನಿಂತಿತು, 2022ರಲ್ಲಿ ಭಟ್ಕಳದಲ್ಲಿ ಅವರು ಧರಣಿ ಕೂತರು. ಮೀನು ಹಿಡಿಯುವವರು ಬಡವರಲ್ಲ ಅಂತ ನಾವು ಹೇಳೋದಿಲ್ಲ, ಅವರ ಬಡತನಕ್ಕೆ ಉತ್ತರ ಬೇರೆ ಬಾಗಿಲಿನಿಂದ ಬರಲಿ ಅನ್ನೋದು ನಮ್ಮ ನಿಲುವು. ಇಲ್ಲಿ ಹೇಳಬೇಕಾದ್ದು ಇಷ್ಟು. ಗಡಿ, ಕಸುಬು, ಅವಮಾನದ ಚರಿತ್ರೆ ಎಲ್ಲ ಕಳಚಿ ಬರೀ ಒಂದು ಪದ ಮಾತ್ರ ಪಟ್ಟಿಯಿಂದ ಪಟ್ಟಿಗೆ ದಾಟಿದರೆ ಎರಡು ಬಡ ಸಮುದಾಯಗಳು ದಶಕಗಟ್ಟಲೆ ಎದುರುಬದುರು ನಿಲ್ಲಬೇಕಾಗ್ತದೆ. ಪದ ದಾಟಿಸಿದವನು ಮಾತ್ರ ನಿವೃತ್ತಿ ವೇತನ ತಗೊಂಡು ಮನೆಯಲ್ಲಿರ್ತಾನೆ.

ಒಳಮೀಸಲಾತಿಯ ಲೆಕ್ಕದಲ್ಲೂ ಇದೇ ಆಯಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಅಂಕಿಅಂಶ ಎಲ್ಲಿ ಅನ್ನೋ ಪ್ರಶ್ನೆ ಬಂತು. 2011ರ ಜನಗಣತಿ ಇದೆಯಲ್ಲ ಅಂದರೆ, ಅದರಲ್ಲಿ ಲಕ್ಷಾಂತರ ಜನ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅಂತ ಬರೆಸಿದ್ದಾರೆ. ಒಂದು ಊರಲ್ಲಿ ಹೊಲೆಯರು ಆದಿ ಕರ್ನಾಟಕ, ಇನ್ನೊಂದು ಊರಲ್ಲಿ ಮಾದಿಗರು ಆದಿ ಕರ್ನಾಟಕ. ಬೇರೆ ಉದ್ದೇಶಕ್ಕೆ ಕೂಡಿಸಿದ ಲೆಕ್ಕ ಈ ಕೆಲಸಕ್ಕೆ ಬರಲಿಲ್ಲ. ಅದಕ್ಕೇ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ 2025ರ ಮೇ 5ರಿಂದ ಮನೆ ಮನೆಗೆ ಹೋಗಿ 27 ಲಕ್ಷಕ್ಕೂ ಹೆಚ್ಚು ಕುಟುಂಬಗಳ ಸುಮಾರು 1 ಕೋಟಿ 7 ಲಕ್ಷ ಜನರನ್ನು ಹೊಸದಾಗಿ ಕೇಳಬೇಕಾಯಿತು. ಇದ್ದ ಲೆಕ್ಕವನ್ನೇ ಬಳಸಿ ಮುಗಿಸಬಹುದಿತ್ತು ಅನ್ನೋರಿಗೆ ಇದಕ್ಕಿಂತ ಉತ್ತರ ಬೇಡ. ಎಲ್ಲ ಮಾಹಿತಿಯೂ ಎಲ್ಲದಕ್ಕೂ ಬರೋದಿಲ್ಲ.

ಅದೇ ವರ್ಷ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು. 60 ಪ್ರಶ್ನೆ. ಮನೆ ಗುರುತಿಸಲು ವಿದ್ಯುತ್ ಮೀಟರನ್ನೇ ಹಿಡಿದರು. ಕರೆಂಟು ಬಿಲ್ಲಿಗೆ ಕೊಟ್ಟ ನಂಬರು ಜಾತಿ ಸಮೀಕ್ಷೆಯ ಬಾಗಿಲಾಯಿತು. ಸಮೀಕ್ಷೆ ನಿಲ್ಲಿಸಿ ಅಂತ ಕೋರ್ಟಿಗೆ ಹೋದವರು ಯಾರು, ಯಾಕೆ ಹೋದರು ಅನ್ನೋದು ನಿಮಗೆ ಗೊತ್ತು, ಬಲಾಢ್ಯ ಜಾತಿಗಳಿಗೆ ತಮ್ಮ ತಲೆ ಲೆಕ್ಕ ಹೊರಬರುವ ಭಯ. ಆದರೂ ಸೆಪ್ಟೆಂಬರ್ 25ರಂದು ಹೈಕೋರ್ಟು ಕೊಟ್ಟ ಮಧ್ಯಂತರ ಆದೇಶದಲ್ಲಿ ನಮಗೂ ಬೇಕಾದ ಮಾತಿದೆ. ಸಮೀಕ್ಷೆ ನಡೀಲಿ. ಉತ್ತರ ಕೊಡೋದು ಜನರ ಇಷ್ಟ, ಬಲವಂತ ಇಲ್ಲ. ಸಂಗ್ರಹಿಸಿದ ವಿವರವನ್ನು ಆಯೋಗ ಗುಟ್ಟಾಗಿ ಕಾಯಬೇಕು, ಬೇರೆ ಯಾರಿಗೂ ಕೊಡಬಾರದು. ಜನಗಣತಿಗೂ ಇಂಥ ಬೇಲಿ ಇದೆ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿದಾರ ಬರೆದ ಪುಸ್ತಕವನ್ನು ಯಾರೂ ತೆರೆದು ನೋಡುವ ಹಾಗಿಲ್ಲ. ಬರಲಿರುವ 2027ರ ಜನಗಣತಿಯಲ್ಲಿ ಜಾತಿಯನ್ನೂ ಬರೆಸೋದು ಅಂತ ಕೇಂದ್ರ 2025ರಲ್ಲಿ ತೀರ್ಮಾನಿಸಿದೆ. ಧೈರ್ಯವಾಗಿ ಜಾತಿ ಬರೆಸಿ ಅಂತ ನಾವು ಕೇರಿ ಕೇರಿಗೆ ಹೋಗಿ ಹೇಳುವವರು. ಹಾಗೆ ಹೇಳೋಕೆ ನಮಗೆ ಬಾಯಿ ಬರೋದು ಈ ಬೇಲಿ ಗಟ್ಟಿ ಇದ್ದರೆ ಮಾತ್ರ.

ಮಾಹಿತಿ ಹಂಚಿಕೊಂಡರೆ ನಮಗೆ ನಿಜಕ್ಕೂ ಲಾಭ ಆಗುವ ಕಡೆ ಏನಾಗಿದೆ ಅಂತಲೂ ನೋಡಬೇಕು. 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಅಂಥ ಕಾಗದವನ್ನು ನೋಂದಾಯಿಸಬೇಡ ಅಂತ 6ನೇ ಕಲಮು ನೋಂದಣಾಧಿಕಾರಿಗೂ ಹೇಳ್ತದೆ. ಅದು ನಡೀಬೇಕಾದರೆ ಯಾವ ಸರ್ವೆ ನಂಬರು ಮಂಜೂರಾತಿಯದು ಅನ್ನೋ ಪಟ್ಟಿ ತಹಶೀಲ್ದಾರರ ಕಚೇರಿಯಿಂದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಎಷ್ಟೋ ತಾಲ್ಲೂಕಿನಲ್ಲಿ ಎರಡೂ ಒಂದೇ ಆವರಣದಲ್ಲಿವೆ. ನಡುವೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯನ್ನು ಪಟ್ಟಿ ದಾಟದೇ ಹೋದದ್ದಕ್ಕೆ ನಮ್ಮವರ ಎಷ್ಟು ಜಮೀನು ಕೈ ಬದಲಾಯಿತೋ! ಆಮೇಲೆ ವಾಪಸ್ ಕೇಳಿದರೆ ತಡ ಮಾಡಿ ಬಂದಿರಿ ಅಂತ ಕೋರ್ಟುಗಳು ವಜಾ ಮಾಡಿದವು. ಹೋರಾಟ ಮಾಡಿ 2023ರಲ್ಲಿ ಕಾಲಮಿತಿಯ ಅಡ್ಡಿ ತೆಗೆಸಬೇಕಾಯಿತು. ಪಹಣಿಗಳು ಭೂಮಿ ಯೋಜನೆಯಲ್ಲಿ ಗಣಕಯಂತ್ರಕ್ಕೆ ಹೋಗಿ ಕಾಲು ಶತಮಾನ ಆಗ್ತಾ ಬಂತು. ಬೇಕು ಅಂದಿದ್ದರೆ ಮಂಜೂರಾದ ಪ್ರತಿ ಜಮೀನಿನ ಮೇಲೂ ನೋಂದಣಿ ಕಚೇರಿಗೆ ಕಾಣುವ ಒಂದು ಕೆಂಪು ಗುರುತು ಹಾಕೋದು ಎಷ್ಟರ ಕೆಲಸ? ದೌರ್ಜನ್ಯ ಪ್ರಕರಣದಲ್ಲೂ ಹಾಗೇ. ಠಾಣೆಯಲ್ಲಿ ಎಫ್‌ಐಆರ್ ಆದ ಕೂಡಲೇ ಅದು ಪರಿಹಾರ ಕೊಡುವ ಕಚೇರಿಗೆ ತಾನಾಗಿ ಹೋಗಬೇಕು. ಹೊಡೆಸಿಕೊಂಡವನು ಪ್ರತಿ ಹಿಡಿದು ಅಲೆಯೋದು ಯಾವ ನ್ಯಾಯ?

ಇನ್ನೊಂದು ಕಡೆ ನಮ್ಮ ಜಾತಿಯ ಲೆಕ್ಕವನ್ನು ಬಹಳ ಜಾಣತನದಿಂದ ಬಳಸಿದ್ದಾರೆ. 2024-25ರಲ್ಲಿ ಪರಿಶಿಷ್ಟರ ಉಪಯೋಜನೆಗೆ ಮೀಸಲಿಟ್ಟ ಸುಮಾರು 39 ಸಾವಿರ ಕೋಟಿಯಲ್ಲಿ 14,282 ಕೋಟಿಯನ್ನು ಗ್ಯಾರಂಟಿ ಯೋಜನೆಗಳಿಗೆ ತೋರಿಸಿದರು. ಕೇಳಿದರೆ, ಗ್ಯಾರಂಟಿ ಪಡೆಯುವವರಲ್ಲಿ ನಿಮ್ಮ ಜಾತಿಯವರೂ ಇದ್ದಾರಲ್ಲ ಅನ್ನೋ ಉತ್ತರ. ಎಲ್ಲರಿಗೂ ಕೊಡುವ ಅಕ್ಕಿಯಲ್ಲಿ ನಮ್ಮವರ ತಲೆ ಎಣಿಸಿ, ಆ ಅಕ್ಕಿಯ ದುಡ್ಡನ್ನು ನಮ್ಮ ಹಾಸ್ಟೆಲಿನ, ನಮ್ಮ ಜಮೀನಿನ, ನಮ್ಮ ಕೇರಿಯ ದುಡ್ಡಿನಲ್ಲಿ ಕಳೆಯೋದು! ಈ ಲೆಕ್ಕಕ್ಕೆ ಬೇಕಾದ ಜಾತಿವಾರು ವಿವರ ಎಷ್ಟು ಬೇಗ ಇಲಾಖೆಯಿಂದ ಇಲಾಖೆಗೆ ಸಿಕ್ಕಿತು ನೋಡಿ.

ಕಾನೂನು ಏನು ಹೇಳ್ತದೆ? 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2018ರ ಆಧಾರ್ ತೀರ್ಪಿನಲ್ಲಿ, ಆಧಾರ್ ಸಂಖ್ಯೆ ತೋರಿಸಲಾಗಲಿಲ್ಲ ಅನ್ನೋ ಕಾರಣಕ್ಕೆ ಯಾವ ಮಗುವಿಗೂ ಯೋಜನೆಯ ಸವಲತ್ತು ತಪ್ಪಿಸುವಂತಿಲ್ಲ ಅಂತಲೂ ಹೇಳಿದ್ದಾರೆ. ಈ ವಾಕ್ಯವನ್ನು ಹಾಸ್ಟೆಲಿನ ಗೋಡೆ ಮೇಲೆ ಬರೆದಿಡಿ. ಆಮೇಲೆ 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಬಂದವು. ಹೆಸರು ಸಂರಕ್ಷಣೆ. ಒಳಗೆ 7ನೇ ಕಲಮು ಓದಿ. ನೀವು ಹಿಂದೆ ಯಾವುದಾದರೂ ಸವಲತ್ತಿಗೆ ಒಪ್ಪಿಗೆ ಕೊಟ್ಟಿದ್ದರೆ, ಇಲ್ಲವೇ ಸರ್ಕಾರ ಅಧಿಸೂಚಿಸಿದ ದಾಖಲೆಯಲ್ಲಿ ನಿಮ್ಮ ವಿವರ ಇದ್ದರೆ, ಸಹಾಯಧನ, ಸವಲತ್ತು, ಪ್ರಮಾಣಪತ್ರ, ಪರವಾನಗಿ ಕೊಡುವ ಕೆಲಸಕ್ಕೆ ಮತ್ತೆ ನಿಮ್ಮನ್ನು ಕೇಳಬೇಕಾಗಿಲ್ಲ. ಕೊಡೋಕೆ ಅಂತ ಬರೆದ ಈ ಮಾತನ್ನು ಹಿಡಿದೇ ಕಿತ್ತುಕೊಳ್ಳೋಕೂ ತಾಳೆ ಹಾಕ್ತಾರೋ ಏನೋ ಅನ್ನೋದು ನಮ್ಮ ಸಂಶಯ. 17ನೇ ಕಲಮು ಇನ್ನೂ ಮುಂದೆ ಹೋಗ್ತದೆ. ದೇಶದ ಭದ್ರತೆ, ಸುವ್ಯವಸ್ಥೆಯ ಹೆಸರಲ್ಲಿ ಕೇಂದ್ರ ತನಗೆ ಬೇಕಾದ ಸರ್ಕಾರಿ ಸಂಸ್ಥೆಯನ್ನು ಕಾಯ್ದೆಯಿಂದಲೇ ಹೊರಗಿಡಬಹುದು.

ಅದೇ ಕಾಯ್ದೆಯ ಬಾಲದಲ್ಲಿ ಮಾಹಿತಿ ಹಕ್ಕಿನ ಕಾಯ್ದೆಯ 8(1)(ಜೆ) ಕಲಮನ್ನೂ ತಿದ್ದಿದ್ದಾರೆ. ವೈಯಕ್ತಿಕ ಮಾಹಿತಿ ಅಂದರೆ ಸಾಕು, ಕೊಡೋದಿಲ್ಲ ಅನ್ನಬಹುದು. ಗಂಗಾ ಕಲ್ಯಾಣದ ಕೊಳವೆ ಬಾವಿ ಯಾರ ಜಮೀನಿಗೆ ಬಿತ್ತು, ಸುಳ್ಳು ಜಾತಿ ಪ್ರಮಾಣಪತ್ರದಲ್ಲಿ ಯಾರು ಕೆಲಸಕ್ಕೆ ಸೇರಿದರು ಅಂತ ಕೇಳಿದರೆ ಅದು ಖಾಸಗಿ! ಒಂದು ಇಲಾಖೆಗೆ ಇನ್ನೊಂದು ಇಲಾಖೆಯ ಮುಂದೆ ನಮ್ಮ ಖಾಸಗಿತನ ಕಾಣೋದಿಲ್ಲ, ನಾವು ಪ್ರಶ್ನೆ ಕೇಳಿದಾಗ ಮಾತ್ರ ಕಾಣ್ತದೆ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಅನ್ನೋ 8(2) ಇನ್ನೂ ಉಳಿದಿದೆ. ಅರ್ಜಿ ಬರೆಯುವಾಗ ಅದನ್ನು ಮರೆಯದೆ ನಮೂದಿಸಿ.

ಹಾಗಾದರೆ ನಾವು ಕೇಳೋದು ಏನು? ಒಮ್ಮೆ ಕೊಟ್ಟ ಕಾಗದವನ್ನು ಮತ್ತೆ ಕೇಳಬೇಡಿ. ಎಸ್ಟೋನಿಯ ಅನ್ನೋ ಪುಟ್ಟ ದೇಶದಲ್ಲಿ ಸರ್ಕಾರದ ಒಂದು ಕಡೆ ಇರುವ ವಿವರವನ್ನು ಇನ್ನೊಂದು ಕಡೆ ಹೊಸದಾಗಿ ಸಂಗ್ರಹಿಸಬಾರದು ಅಂತ ಕಾನೂನಿದೆ, ತನ್ನ ವಿವರವನ್ನು ಯಾವ ಕಚೇರಿ ಯಾವಾಗ ತೆರೆದು ನೋಡಿತು ಅಂತ ಪ್ರಜೆಯೂ ನೋಡಬಹುದು. ನಮ್ಮಲ್ಲಿ ಮೊದಲರ್ಧ ಮಾತ್ರ ಭಾಷಣದಲ್ಲಿ ಬರ್ತದೆ, ಎರಡನೇ ಅರ್ಧದ ಸುದ್ದಿಯೇ ಇಲ್ಲ. ನಮ್ಮ ಹೆಸರು ಒಂದು ಕಡೆ ತಿದ್ದಿದರೆ ಐದೂ ಕಡೆ ತಿದ್ದಿ ಹೋಗಲಿ, ಆ ಓಡಾಟ ಕಚೇರಿಯದ್ದು, ಹುಡುಗನದ್ದಲ್ಲ. 2011ರ ಸಕಾಲ ಕಾಯ್ದೆಯಲ್ಲಿ ಪ್ರಮಾಣಪತ್ರ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಅಂತ ಇದೆ. ಇಲಾಖೆ-ಇಲಾಖೆ ನಡುವಿನ ತಪ್ಪು ತಿದ್ದೋಕೂ ಅಂಥ ಗಡುವು, ಅಂಥ ದಂಡ ಬರಲಿ. ತಾಳೆ ಹಾಕಿ ಸವಲತ್ತು ನಿಲ್ಲಿಸುವ ಮುಂಚೆ ಕನ್ನಡದಲ್ಲಿ ನೋಟೀಸು ಬರಲಿ, ಯಾವ ಇಲಾಖೆಯ ಯಾವ ದಾಖಲೆ ನೋಡಿ ಈ ತೀರ್ಮಾನ ಅಂತ ಅದರಲ್ಲಿರಲಿ, ಉತ್ತರ ಕೊಡುವ ತನಕ ಅಕ್ಕಿಯೂ ನಿಲ್ಲಬಾರದು, ವಿದ್ಯಾರ್ಥಿವೇತನವೂ ನಿಲ್ಲಬಾರದು. ಸಂಶಯ ಸರ್ಕಾರದ್ದಾದರೆ ಸಾಬೀತು ಮಾಡುವ ಭಾರವೂ ಸರ್ಕಾರದ್ದು. ಜಾತಿಯ ವಿವರ ಸವಲತ್ತಿನ ಕಚೇರಿ ಬಿಟ್ಟು ಪೊಲೀಸರಿಗೆ, ಖಾಸಗಿ ಕಂಪನಿಗಳಿಗೆ ಹೋಗಬಾರದು. ಈ ಕಟ್ಟಳೆ ಬರೆಯುವ ಸಮಿತಿಯಲ್ಲಿ ಗಣಕಯಂತ್ರದ ಪಂಡಿತರು, ಐಎಎಸ್ ಸಾಹೇಬರು ಮಾತ್ರ ಕೂತರೆ ಸಾಲದು. ಹಾಸ್ಟೆಲಿನ ಒಬ್ಬ ಹುಡುಗಿ, ಒಬ್ಬ ಹುಡುಗ ಕೂರಲಿ. ಹೊಂದಾಣಿಕೆ ಆಗ್ತಿಲ್ಲ ಅನ್ನೋದರ ಅರ್ಥ ಅವರಿಗೆ ಗೊತ್ತು.

ಮಂಕಿ, ಹೊನ್ನಾವರ, ಭಟ್ಕಳ, ಕುಮಟೆಯ ಹಾಸ್ಟೆಲುಗಳಲ್ಲಿ ಇರುವ ಗೆಳೆಯರಿಗೆ ಒಂದು ಕೆಲಸ. ನಿಮ್ಮ ಅರ್ಜಿ ಯಾವ ತಾರೀಖಿಗೆ ಹಾಕಿದಿರಿ, ಎಲ್ಲಿ ನಿಂತಿದೆ, ಅದು ತೋರಿಸುವ ಕಾರಣದ ಸಾಲು ಏನು, ಎಷ್ಟು ಸಲ ಎಲ್ಲೆಲ್ಲಿಗೆ ಅಲೆದಿರಿ, ಬಸ್ಸಿಗೆ ಎಷ್ಟಾಯಿತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಈ ಸಂಚಿಕೆ ಮಾರುವವರ ಕೈಗೆ ಕೊಡಿ. ಬಾಯಿಮಾತಲ್ಲಿ ಹೇಳಿದರೆ ಅಧಿಕಾರಿಗಳು ಒಬ್ಬಿಬ್ಬರದು ಅಂತ ತಳ್ಳಿಹಾಕ್ತಾರೆ, ನೂರು ಹಾಳೆ ಮೇಜಿನ ಮೇಲೆ ಬಿದ್ದರೆ ಹಾಗೆ ಹೇಳೋದು ಕಷ್ಟ. ಹಾಸ್ಟೆಲಿನ ಹೆಸರು, ಓದುವ ತರಗತಿ ಸಾಕು. ನಿಮ್ಮ ಹೆಸರು, ಆಧಾರ್ ನಂಬರು, ಫೋನ್ ನಂಬರು ಬರೀಬೇಡಿ. ಈ ಕೆಲಸಕ್ಕೆ ಅದು ನಮಗೆ ಬೇಕಾಗಿಲ್ಲ. ಜಿಲ್ಲಾ ಕಚೇರಿಗೆ ಲೆಕ್ಕ ಸಲ್ಲಿಸಿ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿದ ಮೇಲೆ ಹಾಳೆಗಳನ್ನು ಕೊಟ್ಟವರಿಗೇ ವಾಪಸ್ ಕೊಡ್ತೇವೆ.